ಬೆಕ್ಕಿನ ಬೋರಮ್ಮ ಮೆಚ್ಚಿದ ನಾಯಿಗಳು

ಪುರಿ ಭಟ್ಟಿಯ ಬೋರಮ್ಮ ಎಂದು ಕೇಳಿದರೆ ಕಾಮಾಕ್ಷಿಪಾಳ್ಯದ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಬೆಕ್ಕಿನ ಬೋರಮ್ಮ ಎಂದರೆ ಸಾಕು, ಮಾಗಡಿ ರೋಡಿನಿಂದಲೇ ಕೈ ತೋರಿಸಿ ದಾರಿ ಹೇಳುತ್ತಿದ್ದರು. ಆಗಿನ್ನೂ ರಾಜಾಜಿನಗರ ಎಂದರೆ ಬಯಲಿನಲ್ಲಿ ನೆಟ್ಟ ಗುರುತುಕಲ್ಲುಗಳು, ನಡುನಡುವೆ ಒಂದೊಂದು ಹೊಸ ಮನೆ, ಅಷ್ಟೇ. ಅಲ್ಲಿಗೆ ಹೋಗುವ ಅಡ್ಡದಾರಿಯ ಮೂಲೆಯಲ್ಲಿ ಬೋರಮ್ಮನ ಹೆಂಚಿನ ಮನೆ, ಮನೆಯ ಪಕ್ಕಕ್ಕೆ ಭಟ್ಟಿ. ಉಪ್ಪುನೀರು ಕುಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಪುರಿ ಅರಳುತ್ತಲೇ ಜರಡಿ ಹಿಡಿಯುವುದು ಅವಳ ಕೆಲಸ. ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಾಗೆ ಶುರುವಾದ ನಂಟು ಕೊನೆಗೆ ಇಲಿ ಹಿಡಿಯದ ಬೆಕ್ಕುಗಳಿಗೂ ಹಾಲು ಹೊಯ್ಯುವಷ್ಟು ಬೆಳೆದಿತ್ತು.

ಅವಳಿಗೆ ಬೆಕ್ಕುಗಳ ಮೇಲೆ ಅಷ್ಟು ಪ್ರೀತಿ ಯಾಕೆಂದರೆ, ಅವು ಯಾವುದಕ್ಕೂ ಮಾತು ಕೊಡುವುದಿಲ್ಲ. ಬೇಕಾದಾಗ ಬರುತ್ತವೆ, ಸಾಕಾದಾಗ ಎದ್ದು ಹೋಗುತ್ತವೆ. ಅದರಲ್ಲಿ ಮೋಸವಿಲ್ಲ ಎನ್ನುವುದು ಬೋರಮ್ಮನ ವಾದ. ಉಳಿದ ಲೋಕವನ್ನೆಲ್ಲ ಅವಳು ಓರೆಗಣ್ಣಿನಲ್ಲಿಯೇ ನೋಡುತ್ತಿದ್ದಳು. ಅಕ್ಕಿಯಂಗಡಿಯವನು ನಕ್ಕರೆ ತೂಕದಲ್ಲಿ ಏನೋ ಇದೆ. ಓರಗಿತ್ತಿ ಸೀರೆ ಚೆನ್ನಾಗಿದೆ ಎಂದರೆ ಸಾಲ ಕೇಳುವುದಕ್ಕೆ ಪೀಠಿಕೆ. ಗಂಡ ಮುನಿರಾಮಯ್ಯ ಒಂದು ದಿನ ಸುಮ್ಮನೆ ಮಲ್ಲಿಗೆ ತಂದುಕೊಟ್ಟದ್ದಕ್ಕೆ ಮೂರು ದಿನ ಅವನ ಬಾಯಿ ಬಿಡಿಸಲು ನೋಡಿದ್ದಳು. ಪಾಪ, ಅವನು ಬಿಡುವುದಕ್ಕೆ ಬಾಯಲ್ಲಿ ಏನೂ ಇರಲಿಲ್ಲ.

ಇನ್ನು ನಾಯಿಗಳ ಮಾತು ಕೇಳಬೇಕೆ? ಕಂಡಕಂಡವರಿಗೆ ಬಾಲ ಆಡಿಸುವ ಜಾತಿ ಅದು ಎಂದು ಮೂಗು ಮುರಿಯುತ್ತಿದ್ದಳು. ಆದರೂ ಅವಳು ಒಳಗೊಳಗೇ ಮೆಚ್ಚಿದ ನಾಯಿಗಳಿದ್ದವು. ಒಂದನ್ನೂ ಸಾಕಲಿಲ್ಲ, ಒಂದರ ತಲೆಯನ್ನೂ ಸವರಲಿಲ್ಲ. ಮೆಚ್ಚುವುದು ಬೇರೆ, ಮುದ್ದು ಮಾಡುವುದು ಬೇರೆ.

ಮೊದಲನೆಯದು ಕೆಂಗೇರಿಯ ತವರುಮನೆಯ ಕರಿಯ. ಬೋರಮ್ಮ ಲಂಗ ಉಡುತ್ತಿದ್ದ ಕಾಲಕ್ಕೆ ಒಬ್ಬ ದಾಸಯ್ಯ ಶಂಖ ಊದಿಕೊಂಡು ಬಾಗಿಲಿಗೆ ಬಂದ. ಮನೆಮಂದಿಯೆಲ್ಲ ಅವನ ಕಾಲಿಗೆ ಬಿದ್ದರು. ಕರಿಯ ಮಾತ್ರ ಹೋಗಿ ಅವನ ಪಂಚೆ ಹಿಡಿಯಿತು. ಎಷ್ಟು ಗದರಿದರೂ ಬಿಡಲಿಲ್ಲ. ಎಳೆದಾಟದಲ್ಲಿ ಜೋಳಿಗೆ ಜಾರಿ, ಅದರೊಳಗಿಂದ ಪಕ್ಕದ ಮನೆಯ ಹಿತ್ತಾಳೆ ಚೊಂಬು ಉರುಳಿತು. ದೇವರ ಹೆಸರು ಹೇಳಿಕೊಂಡು ಬಂದವನನ್ನೂ ನಂಬದ ಆ ನಾಯಿಯನ್ನು ಬೋರಮ್ಮ ಅವತ್ತೇ ಗುರುವೆಂದು ಒಪ್ಪಿಕೊಂಡುಬಿಟ್ಟಳು. ಮನೆಯವರು ಕರಿಯನಿಗೆ ಆ ದಿನ ತುಪ್ಪ ಹಾಕಿ ಮುದ್ದೆ ಕೊಟ್ಟರಂತೆ, ಅದು ಮೂಸಿ ನೋಡಿ ಅರ್ಧ ಬಿಟ್ಟಿತಂತೆ. ಅದೂ ಅವಳಿಗೆ ಹಿಡಿಸಿತು.

ಎರಡನೆಯದು ಟೋಲ್‌ಗೇಟಿನ ಹತ್ತಿರದ ಸೌದೆ ಡಿಪೋದ ಲಚ್ಚಿ. ಒಂದು ಕಿವಿ ಹರಿದ ಹೆಣ್ಣುನಾಯಿ. ಭಟ್ಟಿಗೆ ಸೌದೆ ತರಲು ಹೋದಾಗಲೆಲ್ಲ ಬೋರಮ್ಮ ತಕ್ಕಡಿ ನೋಡುವುದನ್ನು ಬಿಟ್ಟು ಲಚ್ಚಿಯನ್ನು ನೋಡುತ್ತಿದ್ದಳು. ಬೇರೆ ನಾಯಿಗಳು ಗಿರಾಕಿಗಳನ್ನು ಕಾದರೆ ಇದು ಯಜಮಾನನ ಕೈಯನ್ನೇ ಕಾಯುತ್ತಿತ್ತು. ಅವನು ಒಮ್ಮೆ ಅದರ ಮರಿಗಳನ್ನು ಹೇಳದೆ ಕೇಳದೆ ಯಾರಿಗೋ ಕೊಟ್ಟುಬಿಟ್ಟಿದ್ದ. ಮುಂದಿನ ಸಲ ಲಚ್ಚಿ ಡಿಪೋದೊಳಗೆ ಮರಿ ಹಾಕಲೇ ಇಲ್ಲ. ಮೋರಿ ಸೇತುವೆಯ ಕೆಳಗೆ ಗುಂಡಿ ತೋಡಿಕೊಂಡಿತು. ಊಟದ ಹೊತ್ತಿಗೆ ಡಿಪೋಗೆ ಬಂದು, ತಿಂದು, ಸುತ್ತು ಹೊಡೆದು ಯಾರೂ ಹಿಂದೆ ಬರುತ್ತಿಲ್ಲವೆಂದು ನೋಡಿಕೊಂಡು ಹೋಗುತ್ತಿತ್ತು. "ಬುದ್ಧಿ ಅಂದ್ರೆ ಅದು ಕಣ್ರೀ" ಎಂದು ಬೋರಮ್ಮ ಗಂಡನಿಗೆ ಹೇಳಿದ್ದಳು.

ಮೂರನೆಯದು ಭೈರ. ಅವನಿಗೆ ಯಜಮಾನನೇ ಇರಲಿಲ್ಲ. ಎಲ್ಲಿಂದಲೋ ಬಂದವನು ಭಟ್ಟಿಯಿಂದ ಹೊರಗೆ ಸುರಿದ ಬೆಚ್ಚನೆಯ ಮರಳಿನ ಮೇಲೆ ಮಲಗತೊಡಗಿದ. ಬೋರಮ್ಮ ಓಡಿಸಲಿಲ್ಲ, ಕರೆಯಲೂ ಇಲ್ಲ. ಅಂಚೆಯವನಿಂದ ಹಿಡಿದು ಸೊಪ್ಪಿನವಳವರೆಗೆ ಯಾರು ಬಂದರೂ ಭೈರನ ಬೊಗಳಾಟ. ಮುನಿರಾಮಯ್ಯ ಮೀಸೆ ತೆಗೆಸಿಕೊಂಡು ಬಂದ ದಿನ ಅವನನ್ನೂ ಒಳಗೆ ಬಿಟ್ಟಿರಲಿಲ್ಲ. ಬೊಗಳಿಸಿಕೊಂಡವರು ಬೈದುಕೊಳ್ಳುತ್ತಿದ್ದರೆ ಬೋರಮ್ಮನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ತನ್ನ ಹಾಗೆಯೇ ಇನ್ನೊಂದು ಜೀವ ಬಾಗಿಲಲ್ಲಿ ಕೂತಿದೆ ಎನ್ನುವ ಸಮಾಧಾನ ಅದು.

ಈ ಭೈರನೇ ಅವಳ ಬದುಕಿಗೆ ಕೈ ಹಾಕಿದ್ದು.

ಬೋರಮ್ಮನಿಗೆ ಒಬ್ಬಳೇ ಮಗಳು, ಜಲಜಾ. ರಾಜಾಜಿನಗರದಲ್ಲಿ ಹೊಸದಾಗಿ ಶುರುವಾಗಿದ್ದ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಮಾತು ಕಡಿಮೆ, ಹೆಜ್ಜೆ ಮೆತ್ತಗೆ. ನನ್ನ ಮಗಳೂ ಬೆಕ್ಕಿನಂಥವಳೇ ಎಂದು ಬೋರಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಆ ಹುಡುಗಿಗೆ ಮದುವೆ ಕೂಡಿಬರುತ್ತಿರಲಿಲ್ಲ. ಅದಕ್ಕೆ ಕಾರಣ ಬೆಕ್ಕು. ಹೆಣ್ಣು ನೋಡಲು ಹೊರಟವರಿಗೆ ಬೆಕ್ಕು ಅಡ್ಡ ಬಂದರೆ ಮುಗಿಯಿತು, ಎಂಥ ನೆಂಟಸ್ತಿಕೆಯಾದರೂ ಹಿರಿಯರು ಚಪ್ಪಲಿ ತಿರುಗಿಸಿಬಿಡುತ್ತಾರೆ. ಮಾಗಡಿ ಕಡೆಯಿಂದ ಮೊದಲ ಗಂಡಿನವರು ಬಂದಾಗ, ಇನ್ನೇನು ಜಗಲಿ ಹತ್ತಬೇಕು ಎನ್ನುವಾಗ ಗೌರಿ ಎಂಬ ಬೆಕ್ಕು ಅವರ ಮುಂದೆಯೇ ಎಡದಿಂದ ಬಲಕ್ಕೆ ಹೋಯಿತು. ಅವರು ನೀರು ಕೂಡ ಮುಟ್ಟದೆ ಹೊರಟುಹೋದರು. ನೆಲಮಂಗಲದವರು ಬಂದಾಗಲೂ ಅದೇ ಗೌರಿ, ಅದೇ ಜಗಲಿ.

ಮುನಿರಾಮಯ್ಯ ಸಾಧು ಮನುಷ್ಯ. ಆದರೆ ಎರಡನೆಯ ಸಲ ಅವನಿಗೂ ತಾಳ್ಮೆ ಹೋಯಿತು.

"ನೋಡು, ಇನ್ನೊಂದ್ಸಲ ಹಿಂಗಾದ್ರೆ ನಿನ್ನ ಬೆಕ್ಕುಗಳ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರ್ತೀನಿ. ನಿನಗೆ ಮಗಳು ಮುಖ್ಯನಾ, ಬೆಕ್ಕು ಮುಖ್ಯನಾ?"

ಬೋರಮ್ಮನಿಗೂ ಮಗಳೇ ಮುಖ್ಯ. ಆದರೆ ಗೌರಿಯನ್ನು ಚೀಲದಲ್ಲಿ ನೆನೆಸಿಕೊಂಡು ಒಲೆಯ ಮುಂದೆ ಕೂತು ಅತ್ತಳು.

ಮೂರನೆಯ ನೆಂಟಸ್ತಿಕೆ ತಂದವನು ಹೊಸಹಳ್ಳಿಯ ಮರಿಯಪ್ಪ. ಹತ್ತಾರು ಮದುವೆ ಮಾಡಿಸಿದ ಮಾತುಗಾರ. ಹುಡುಗ ಚನ್ನಕೇಶವ, ಅದೇ ಹೊಸಹಳ್ಳಿಯವನು, ಹೊಸ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ತಾಯಿ, ಸೋದರಮಾವ ಚಿಕ್ಕಣ್ಣ, ಮರಿಯಪ್ಪ ಎಲ್ಲ ಸೇರಿ ಭಾನುವಾರ ಮಧ್ಯಾಹ್ನ ಬರುವುದೆಂದಾಯಿತು. ಇಷ್ಟು ಹತ್ತಿರದಲ್ಲಿದ್ದುಕೊಂಡು ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು ಬೋರಮ್ಮ ಆಗಲೇ ಹುಬ್ಬು ಗಂಟಿಕ್ಕಿದ್ದಳು. ಬೆಳಿಗ್ಗೆಯೇ ಬೆಕ್ಕುಗಳನ್ನೆಲ್ಲ ತಾನೇ ಹಿಡಿದು ಅಕ್ಕಿಕೋಣೆಯಲ್ಲಿ ಕೂಡಿ, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂದಿನ ಎರಡು ಸಲ ಆ ಕೆಲಸ ಮಗಳಿಗೆ ವಹಿಸಿದ್ದೇ ತಪ್ಪಾಯಿತು ಎಂದುಕೊಂಡಳು.

ಮಧ್ಯಾಹ್ನ ಅವರು ಬಂದರು. ಬೋರಮ್ಮ ಕಿಟಕಿಯ ಹಿಂದೆ ನಿಂತಿದ್ದಳು. ಮುಂದೆ ಬಂದ ಮರಿಯಪ್ಪನಿಗೆ ಭೈರ ಮಾಮೂಲಿನಂತೆ ಎಗರಿದ. ಚಿಕ್ಕಣ್ಣ ಕೊಡೆ ಅಡ್ಡ ಹಿಡಿದುಕೊಂಡು ದಾಟಿದ. ಹುಡುಗನ ತಾಯಿ ಸೆರಗು ಒಟ್ಟುಮಾಡಿಕೊಂಡು "ಅಯ್ಯಯ್ಯೋ" ಎಂದಳು. ಕೊನೆಗೆ ಹುಡುಗ ಬಂದ. ಭೈರ ಬೊಗಳುವುದನ್ನು ಅರ್ಧಕ್ಕೆ ನಿಲ್ಲಿಸಿದ. ಕಿವಿ ಹಿಂದಕ್ಕೆ ಮಾಡಿ, ಬಾಲ ಆಡಿಸಿಕೊಂಡು ಹೋಗಿ, ಹುಡುಗನ ಷರಾಯಿಯ ಎಡಜೇಬಿಗೆ ಮೂತಿ ತೂರಿಸಿದ.

ಹುಡುಗನ ಮುಖ ಬಿಳಿಚಿಕೊಂಡಿತು. ಮೊಣಕಾಲಿನಿಂದ ಮೆಲ್ಲಗೆ ನಾಯಿಯನ್ನು ಆಚೆ ತಳ್ಳಿದ.

"ನೋಡಿದ್ರಾ, ನಾಯಿಗೂ ಹುಡುಗ ಒಪ್ಪಿಗೆಯಾದ!" ಎಂದು ಮರಿಯಪ್ಪ ನಕ್ಕ. ಎಲ್ಲರೂ ನಕ್ಕರು. ಬೋರಮ್ಮ ನಗಲಿಲ್ಲ.

ಭೈರ ಇವನನ್ನು ಬಲ್ಲ. ಬರೀ ಇವನನ್ನಲ್ಲ, ಇವನ ಜೇಬನ್ನೂ ಬಲ್ಲ. ಆ ಜೇಬಿನಲ್ಲಿ ಬನ್ನೋ ಬ್ರೆಡ್ಡೋ ದಿನವೂ ಬಂದಿದೆ. ಈ ಅಡ್ಡದಾರಿಗೆ ದಿನವೂ ಬರಲು ಹೊಸಹಳ್ಳಿಯ ಹುಡುಗನಿಗೆ ಏನು ಕೆಲಸ? ಹೊಲಿಗೆ ಕ್ಲಾಸು ಬಿಡುವ ಹೊತ್ತು ನೆನಪಾಯಿತು. ಅದರ ಹಿಂದೆಯೇ ಗೌರಿ ನೆನಪಾಯಿತು. ಒಲೆಯ ಪಕ್ಕ ಬಿಟ್ಟರೆ ಮಧ್ಯಾಹ್ನದ ಹೊತ್ತು ಒಂದು ಮೊಳ ಆಚೆ ಹೋಗದ ಮೈಗಳ್ಳ ಬೆಕ್ಕು ಅದು. ಬಿಸಿಲಿನಲ್ಲಿ, ಎರಡು ಸಲ, ಗಂಡಿನವರು ಜಗಲಿಗೆ ಬರುವ ಗಳಿಗೆಗೇ ಅದು ತಾನಾಗಿ ಹೊರಗೆ ಹೋಯಿತೇ? ಯಾರಾದರೂ ಎತ್ತಿ ಬಿಡದೆ?

ಊರಿನವರನ್ನೆಲ್ಲ ಜರಡಿ ಹಿಡಿದವಳಿಗೆ ಮನೆಯೊಳಗಿನ ಕಾಳು ಕಾಣಲಿಲ್ಲವಲ್ಲ ಎಂದು ಬೋರಮ್ಮನ ಮೈ ಉರಿಯಿತು. ಹೆಣ್ಣು ತೋರಿಸುವ ಶಾಸ್ತ್ರ ಮುಗಿಯುವುದನ್ನೇ ಕಾದು ಅಡಿಗೆಮನೆಗೆ ಹೋದಳು. ಜಲಜಾ ಹೂ ಮುಡಿದು, ತಟ್ಟೆಗೆ ಎಲೆ ಅಡಿಕೆ ಜೋಡಿಸುತ್ತಿದ್ದಳು.

"ಗೌರಿನ ಎತ್ತಿ ಬಿಟ್ಟೋಳು ನೀನೇ ತಾನೆ?"

ಜಲಜಾಳ ಕೈ ನಿಂತಿತು.

"ಎರಡು ಸಲಾನೂ?"

"ಹೂಂ."

"ಈ ಹುಡುಗನಿಗೋಸ್ಕರ?"

ಹುಡುಗಿ ತಲೆಯಾಡಿಸಿದಳು. ಅಳಲಿಲ್ಲ. ಅಳುವಳೆಂದು ಬೋರಮ್ಮ ಕಾದಿದ್ದಳು.

"ಅಪ್ಪ ಬೆಕ್ಕುಗಳ್ನ ಚೀಲಕ್ಕೆ ಹಾಕ್ತೀನಿ ಅಂದಾಗ್ಲೂ ಬಾಯಿ ಬಿಡ್ಲಿಲ್ವಲ್ಲೇ! ನಾನು ಅತ್ತಿದ್ದು ಕಾಣಿಸ್ಲಿಲ್ವಾ? ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಜಲಜಾ ಆಗ ತಲೆ ಎತ್ತಿದಳು. "ಹೇಳಿದ್ರೆ ನೀನು ನಂಬ್ತಿದ್ಯಾ ಅವ್ವಾ? ಒಳ್ಳೇವ್ನು ಅಂದ್ರೆ ಯಾಕೆ ಒಳ್ಳೇವ್ನು ಅಂತ ಕೇಳ್ತಿದ್ದೆ. ಅವರಮ್ಮ ಕೇಳಿ ಕಳಿಸ್ತಾರೆ ಅಂದ್ರೆ ಏನು ಹುನ್ನಾರ ಅಂತಿದ್ದೆ. ಅಪ್ಪ ತಂದ ಹೂವನ್ನೇ ನಂಬದೋಳು ನೀನು. ನನ್ನ ನಂಬ್ತೀಯ ಅಂತ ನಾನು ಹೆಂಗೆ ನಂಬ್ಲಿ?"

ಬೋರಮ್ಮ ಹುಡುಗಿ ಹೇಳಿದ್ದರಲ್ಲಿ ಸುಳ್ಳು ಹುಡುಕಿದಳು, ಸಿಗಲಿಲ್ಲ. ತಾಯಿಯಾಗಿ ಇಷ್ಟು ವರ್ಷಕ್ಕೆ ಇದೇನಾ ಸಂಪಾದನೆ ಎಂದು ದುಃಖ ಒತ್ತರಿಸಿ ಬಂತು.

ಅಷ್ಟರಲ್ಲಿ ಮುನಿರಾಮಯ್ಯ ಒಳಗೆ ಬಂದ. ಬಾಗಿಲು ಎಳೆದುಕೊಂಡು ದನಿ ತಗ್ಗಿಸಿದ. "ಅವರಿಗೆ ಒಪ್ಪಿಗೆಯಂತೆ ಕಣೇ. ಈಗ್ಲೇ ತಟ್ಟೆ ಬದಲಾಯಿಸೋಣ ಅಂತವ್ರೆ. ಆದ್ರೆ ನನಗ್ಯಾಕೋ ಒಂದು ಅನುಮಾನ. ಆ ನಾಯಿ ಹುಡುಗನಿಗೆ ಬೊಗಳ್ಲೇ ಇಲ್ವಲ್ಲ? ಇವ್ನು ಈ ಕಡೆ ಮೊದ್ಲೇ ಓಡಾಡ್ಕೊಂಡಿದ್ನಾ ಹೆಂಗೆ? ಹಂಗೇನಾದ್ರೂ ಇದ್ರೆ ಈಗ್ಲೇ ಎದ್ದು ಹೋಗಿ ಅಂತೀನಿ. ಮರ್ಯಾದೆ ಪ್ರಶ್ನೆ."

ಅನುಮಾನ ಪಡುವುದು ಅವನಿಗೆ ಅಭ್ಯಾಸವಿರಲಿಲ್ಲ. ಹೆಂಡತಿಯ ಜೊತೆ ಇದ್ದೂ ಇದ್ದೂ ಅಂಟಿಕೊಂಡಿರಬೇಕು. ಜಲಜಾ ಗೋಡೆಗೆ ಒತ್ತಿಕೊಂಡು ನಿಂತಳು. ಬೋರಮ್ಮ ಒಂದು ಮಾತು ಹೇಳಿದರೆ ಸಾಕಿತ್ತು.

"ನಿಮಗೊಂದು ಬುದ್ಧಿ," ಎಂದಳು ಬೋರಮ್ಮ. "ಬಂದೋರ ಮೈಮೇಲೆ ಬೀಳಬಾರ್ದು ಅಂತ ನಾನೇ ಅದಕ್ಕೆ ಹೊಟ್ಟೆ ತುಂಬ ಮುದ್ದೆ ಹಾಕಿದ್ದೆ. ಮೂರು ಜನಕ್ಕೆ ಬೊಗಳೋ ಹೊತ್ತಿಗೆ ಸುಸ್ತಾಯ್ತು. ನಾಲ್ಕನೇವ್ನಿಗೆ ಸುಮ್ನಾಯ್ತು."

"ನೀನು? ನಾಯಿಗೆ? ಮುದ್ದೆ?"

"ಮಗಳ ಮದ್ವೆಗೆ ನಾಯಿಗೂ ಹಾಕ್ತೀನಿ, ನರಿಗೂ ಹಾಕ್ತೀನಿ. ಹುಡುಗ ಒಳ್ಳೇವ್ನು. ನಡೀರಿ, ತಟ್ಟೆ ತರ್ತೀನಿ."

ಮುನಿರಾಮಯ್ಯ ನಂಬಿದ. ಅವನು ಯಾವತ್ತೂ ನಂಬುವವನೇ. ಮುಖ ಅರಳಿಸಿಕೊಂಡು ಹೊರಗೆ ಹೋದ. ಬೋರಮ್ಮ ಉಳಿದ ಅಡಿಕೆಯನ್ನು ತಟ್ಟೆಗೆ ಹಾಕಿ, ಮಗಳ ಸೆರಗು ಸರಿಮಾಡಲು ಕೈ ಚಾಚಿದಳು. ಜಲಜಾ ಅರೆಗಳಿಗೆ ಹಿಂದೆ ಸರಿದಳು.

"ನಿಜವಾಗ್ಲೂನಾ ಅವ್ವಾ? ಆಮೇಲೆ ಅಪ್ಪನಿಗೆ ಹೇಳಿಬಿಡಲ್ಲ ತಾನೆ?"

"ಇಲ್ಲ ಕಣೇ."

"ಹೊರಗೆ ಹೋಗಿ ಅವರಿಗೇನಾದ್ರೂ ಅಂದ್ಬಿಡಲ್ಲ ತಾನೆ?"

"ಇಲ್ಲ ಅಂದ್ನಲ್ಲ. ಸಂತೋಷವಾಗೇ ಕೊಡ್ತಾ ಇದೀನಿ."

ಜಲಜಾ ಹೂಂ ಎಂದಳು, ಆದರೆ ಕಣ್ಣು ತೆಗೆಯಲಿಲ್ಲ. ಹೊರಗೆ ತಟ್ಟೆ ಬದಲಾಗುವಾಗ, ಚಿಕ್ಕಣ್ಣ ಲಗ್ನದ ಮಾತೆತ್ತಿದಾಗ, ಹುಡುಗನ ತಾಯಿ ತಲೆಗೆ ಹೂ ಮುಡಿಸುವಾಗಲೂ ಹುಡುಗಿ ಹುಡುಗನ ಕಡೆ ನೋಡದೆ ತಾಯಿಯ ಬಾಯಿಯನ್ನೇ ಓರೆಗಣ್ಣಿನಲ್ಲಿ ಕಾಯುತ್ತಿದ್ದಳು. ಆ ನೋಟ ಯಾರದೆಂದು ಬೋರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಎದುರು ಕೂರುವುದು ಇಷ್ಟು ಕಷ್ಟ ಎಂದು ಮಾತ್ರ ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಬಂದವರ ಜೊತೆ ಅವಳೂ ನಕ್ಕಳು, ಮಗಳು ಯಾವಾಗ ನಂಬುತ್ತಾಳೋ ಎಂದು ನೋಡುತ್ತ ನಗುತ್ತಲೇ ಇದ್ದಳು.