ಕೊಗನೊಳ್ಳಿಯ ಇಬ್ಬರು ಭರಮಪ್ಪರು

1996ರಲ್ಲಿ ನಾನು ನಿಪ್ಪಾಣಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಪ್ರೋಗ್ರಾಂ ಬರೆಯುವವರು ನಾಲ್ವರು, ಅದನ್ನು ಕೆಡಿಸಿ ನೋಡುವವಳು ನಾನೊಬ್ಬಳು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೂ ಪಗಾರ ಕೊಡುತ್ತಾರೆಯೇ ಎಂದು ನಮ್ಮತ್ತೆ ನಗುತ್ತಿದ್ದರು. ಕೊಡುತ್ತಿದ್ದರು, ಆದರೆ ತಪ್ಪು ಸಿಕ್ಕ ದಿನ ಮಾತ್ರ ಯಾರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಆ ವರ್ಷ ಒಂದು ಖಾಸಗಿ ಆಸ್ಪತ್ರೆಯ ಕೆಲಸ ನಮಗೆ ಬಂತು. ರೋಗಿಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು. ದಿನಾ ಬೆಳಿಗ್ಗೆ ಯಾವ ಹಾಸಿಗೆಗೆ ಯಾವ ಇಂಜೆಕ್ಷನ್ ಎಂಬುದನ್ನು ಅದೇ ಅಚ್ಚು ಹಾಕಿ ವಾರ್ಡಿಗೆ ಕೊಡಬೇಕು. ನಮ್ಮ ಹುಡುಗರು ರಾಮ, ಶಾಮ, ಸೀತಾ ಎಂದು ಹೆಸರು ಹಾಕಿ ನೋಡಿದರು. ಎಲ್ಲವೂ ಬೆಣ್ಣೆಯಂತೆ ನಡೆಯಿತು. ನಾನು ನನ್ನ ತವರಿನವರನ್ನು ಹಾಕಿ ನೋಡಿದೆ.

ನನ್ನ ತವರು ಅಕ್ಕೋಳ. ನಮ್ಮ ಕಡೆ ಅಜ್ಜ ತೀರಿಕೊಂಡರೆ ಆಮೇಲೆ ಹುಟ್ಟಿದ ಗಂಡುಮಗುವಿಗೆ ಅವನದೇ ಹೆಸರು. ಆ ಅಜ್ಜನಿಗೆ ಇಬ್ಬರು ಗಂಡುಮಕ್ಕಳಿದ್ದರೆ ಇಬ್ಬರ ಮನೆಯ ತೊಟ್ಟಿಲಲ್ಲೂ ಅದೇ ಹೆಸರು. ಮನೆಯಲ್ಲಿ ಒಬ್ಬ ದೊಡ್ಡಾಂವ, ಇನ್ನೊಬ್ಬ ಸಣ್ಣಾಂವ. ಕಾಗದದ ಮೇಲೆ ಇಬ್ಬರೂ ಒಂದೇ. ನನ್ನ ಇಬ್ಬರು ಚಿಕ್ಕಪ್ಪಂದಿರು ಬಾಬು ಮತ್ತು ಬಾಳು. ಇಬ್ಬರ ಮಕ್ಕಳೂ ದೇವಪ್ಪ, ಒಂದೇ ವರ್ಷ ಹುಟ್ಟಿದವರು. ಪ್ರೋಗ್ರಾಂ ರೋಗಿಯನ್ನು ಗುರುತಿಸುತ್ತಿದ್ದುದು ಹೆಸರು, ಊರು, ವಯಸ್ಸಿನಿಂದ; ಡಿಸ್ಕಿನಲ್ಲಿ ಜಾಗ ಉಳಿಸಲೆಂದು ತಂದೆಯ ಹೆಸರಿನ ಮೊದಲ ಅಕ್ಷರವನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಎರಡನೆಯ ದೇವಪ್ಪನನ್ನು ಹಾಕಿದಾಗ ಅದು ಏನೂ ಕೇಳಲಿಲ್ಲ. ಮೊದಲಿನವನ ದಾಖಲೆಗೇ ಇವನನ್ನು ಸೇರಿಸಿ, ಅವನ ಔಷಧಿಗಳನ್ನು ಇವನಿಗೂ ಅಚ್ಚು ಹಾಕಿ ಕೊಟ್ಟಿತು.

ಪರಿಹಾರ ಕಷ್ಟದ್ದಾಗಿರಲಿಲ್ಲ. ಪ್ರತಿ ರೋಗಿಗೂ ಒಂದು ನಂಬರು ಕೊಟ್ಟು, ಹೆಸರಿನ ಬದಲು ನಂಬರಿನಿಂದ ಹುಡುಕಬೇಕಿತ್ತು. ಕೆಲವು ವಾರಗಳ ಕೆಲಸ. ಆದರೆ ಉದ್ಘಾಟನೆಯ ದಿನ ಗೊತ್ತಾಗಿತ್ತು, ಮಂತ್ರಿಗಳು ಒಪ್ಪಿದ್ದರು. ನಮ್ಮ ಮಾಲೀಕರು ಕುರ್ಚಿ ತಿರುಗಿಸಿಕೊಂಡು, "ಪದ್ಮಾ, ಇಂಥಾದ್ದು ಅಪರೂಪ. ಸಾವಿರಕ್ಕೊಂದ ಆಗೂದಕ್ಕ ಇಡೀ ಕಾರ್ಯಕ್ರಮ ನಿಲ್ಲಸಂತೀಯೇನು?" ಎಂದರು.

"ಸಾವಿರಕ್ಕೊಂದ ಅಲ್ರಿ ಸರ್. ನಮ್ಮೂರಾಗ ಓಣಿಗೊಂದ ಐತಿ."

ಪರೀಕ್ಷೆ ಮುಗಿದಿದೆ, ಬಳಸಬಹುದು ಎಂದು ಟೆಸ್ಟರ್ ಸಹಿ ಹಾಕುವುದು ವಾಡಿಕೆ. ನಾನು ಹಾಕಲಿಲ್ಲ. ಪ್ರೋಗ್ರಾಂ ಬರೆದವನಿಂದಲೇ ಹಾಕಿಸಿದರು. ಕಳ್ಳನ ಕೈಗೆ ಕೀಲಿ ಕೊಟ್ಟಂತಾಯಿತು ಎಂದು ಅವರ ಮುಂದೆಯೇ ಅಂದೆ. ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಹೋಗಿ ಹೇಳಿದೆ. ಕಂಪನಿಯೇ ಸರಿ ಇದೆ ಎಂದು ಬರೆದುಕೊಟ್ಟಿದೆಯಲ್ಲ ಎಂದರು. ಹೆಡ್ ಸಿಸ್ಟರ್ ಮಾತ್ರ ಕಿವಿಗೊಟ್ಟರು. ಹೆಸರು ಕೇಳದೆ ಯಾರಿಗೂ ಸೂಜಿ ಚುಚ್ಚಬಾರದೆಂದು ನರ್ಸುಗಳಿಗೆಲ್ಲ ತಾಕೀತು ಮಾಡಿದರು.

ಆ ಚಳಿಗಾಲದಲ್ಲಿ ಕೊಗನೊಳ್ಳಿಯ ಭರಮಪ್ಪ ಪಾಟೀಲ ಎಂಬ ಹುಡುಗ ಹರ್ನಿಯಾ ಆಪರೇಷನ್ನಿಗೆ ಸೇರಿದ. ಗಟ್ಟಿಮುಟ್ಟಾದ ಆಳು, ಮದುವೆ ಗೊತ್ತಾಗಿತ್ತು. ಅವನ ದೊಡ್ಡಪ್ಪನ ಮಗನೂ ಭರಮಪ್ಪ, ಅದೇ ವಯಸ್ಸಿನವನು; ಇಬ್ಬರ ತಂದೆಯರ ಹೆಸರಿನ ಮೊದಲ ಅಕ್ಷರವೂ ಒಂದೇ. ಆ ದೊಡ್ಡಪ್ಪನ ಮಗನಿಗೆ ಸಣ್ಣಂದಿನಿಂದ ಸಕ್ಕರೆ ಕಾಯಿಲೆ, ಅದೇ ಆಸ್ಪತ್ರೆಯ ಇನ್ಸುಲಿನ್ ಮೇಲೆ ಬದುಕಿದವನು. ಆಪರೇಷನ್ ಆದ ಮರುದಿನ ಬೆಳಿಗ್ಗೆ ಕಂಪ್ಯೂಟರು ಅಚ್ಚು ಹಾಕಿದ ಹಾಳೆಯಲ್ಲಿ ಈ ಹುಡುಗನ ಹಾಸಿಗೆಯ ಮುಂದೆ ಇನ್ಸುಲಿನ್ ಎಂದಿತ್ತು.

ನರ್ಸು ತಾಕೀತು ಮರೆತಿರಲಿಲ್ಲ. "ಭರಮಪ್ಪ ಪಾಟೀಲ, ಕೊಗನೊಳ್ಳಿ, ನೀನ ಹೌದಿಲ್ಲಪಾ?" ಎಂದು ಕೇಳಿದ್ದಳು. ಹುಡುಗ ಮಂಪರಿನಲ್ಲೇ ಹೌದ್ರಿ ಎಂದಿದ್ದ. ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಇರಲಿಲ್ಲ. ರಕ್ತದ ಸಕ್ಕರೆ ಇಳಿಯುತ್ತಾ ಹೋಗಿದ್ದು ಯಾರಿಗೂ ತಿಳಿಯಲಿಲ್ಲ. ಅರಿವಳಿಕೆಯ ನಿದ್ದೆ ಇರಬೇಕೆಂದು ತಾಯಿ ಪಕ್ಕದಲ್ಲೇ ಕುಳಿತು ಚಾದರ ಹೊದಿಸುತ್ತಿದ್ದಳು. ಡಾಕ್ಟರು ಬಂದು ನೋಡುವಷ್ಟರಲ್ಲಿ ಕೈ ಮೀರಿತ್ತು. ಅವನು ಏಳಲೇ ಇಲ್ಲ.

ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಓಡಿದೆ. ಮಾಲೀಕರು ಆಗಲೇ ಅಲ್ಲಿದ್ದರು; ಯಂತ್ರ ಕೊಟ್ಟಿದ್ದನ್ನು ನರ್ಸು ನೋಡಿ ಹಾಕಬೇಕಿತ್ತು ಎಂದು ಯಾರಿಗೋ ವಿವರಿಸುತ್ತಿದ್ದರು. ನನ್ನ ಮೈ ಉರಿದುಹೋಯಿತು. ಆ ನರ್ಸು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು, ಹುಡುಗನೂ ನಿಜವನ್ನೇ ಹೇಳಿದ್ದ. ಅಷ್ಟೂ ಜನರ ಮುಂದೆ ನಾನು ಅದನ್ನೇ ಹೇಳಿ, ಈ ತಪ್ಪು ಮೊದಲೇ ಗೊತ್ತಿತ್ತು ಎಂದೂ ಹೇಳಿದೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಮಾಲೀಕರು ಹೇಳಿದರು.

ಹೊರಗೆ ಬಂದಾಗ ಮೆಟ್ಟಿಲ ಮೇಲೆ ಒಬ್ಬ ತೆಳ್ಳಗಿನ ಹುಡುಗ ಕುಳಿತಿದ್ದ. ಯಾರಪ್ಪಾ ನೀನು ಎಂದೆ. ಹೆಸರು ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡ. ಒಳಗಿನ ವಾರ್ಡಿನ ಕಡೆ ಕೈ ತೋರಿಸಿ, "ಆ ಸೂಜಿ ನಂದ್ರಿ ಅಕ್ಕಾರ" ಎಂದ.

ಆಮೇಲೆ ಬೇರೆ ಬೇರೆ ಊರುಗಳಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿದೆ. ಕೈಕೆಳಗೆ ಬಂದವರಿಗೆಲ್ಲ ಒಂದೇ ಪಾಠ ಹೇಳಿದೆ: ರಾಮ, ಶಾಮರನ್ನು ಹಾಕಿ ಪರೀಕ್ಷೆ ಮಾಡಬೇಡಿ, ಅದನ್ನು ಬಳಸುವವರ ಓಣಿಗೆ ಹೋಗಿ ಹೆಸರು ತನ್ನಿ. ಯಾರಾದರೂ ಒಂದು ತಪ್ಪನ್ನು ಅಪರೂಪ ಎಂದು ಬದಿಗಿಟ್ಟರೆ ನನಗೆ ಇವತ್ತಿಗೂ ಆ ಮೆಟ್ಟಿಲು ಕಾಣುತ್ತದೆ, ತನ್ನ ಹೆಸರು ಹೇಳಲಾಗದೆ ಕುಳಿತ ಆ ಹುಡುಗನೂ.