ಬುಟ್ಟಿಯ ದರ

ಮುಳ್ಳಕ್ಕ ಎಂಬುದು ಅವಳ ಹುಟ್ಟುಹೆಸರಲ್ಲ. ಮೀನು ಕತ್ತರಿಸುವ ಶೆಡ್ಡಿನಲ್ಲಿ ಅವಳಷ್ಟು ಚೊಕ್ಕವಾಗಿ ಮುಳ್ಳು ತೆಗೆಯುವವರು ಇನ್ನೊಬ್ಬರಿರಲಿಲ್ಲ. ಅವಳ ನಾಲಿಗೆಯಲ್ಲೂ ಮುಳ್ಳಿಗೇನು ಬರವಿರಲಿಲ್ಲ. ಎರಡೂ ಸೇರಿ ಹೆಸರು ಅಂಟಿಕೊಂಡಿತು. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಸಂಸಾರ ನಡೆಯುತ್ತಿದ್ದದ್ದು ಅವಳ ಚಾಕುವಿನಿಂದಲೇ. ಆ ಚಾಕು ಹಿಡಿಯಲು ಕಲಿಸಿದವಳು ಸೋದರತ್ತೆ. ಆಕೆಯೂ ಅದೇ ತಗಡಿನ ಮೇಜಿನ ಮುಂದೆ, ಪಕ್ಕದಲ್ಲೇ ನಿಂತು ದುಡಿಯುತ್ತಿದ್ದಳು.

ಶೆಡ್ಡಿನ ನೆಲದ ಮೇಲೆ ಸದಾ ರಕ್ತ ಬೆರೆತ ನೀರು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ವಾಸನೆ ಹೋಗದು. "ಮೀನು ನಾರದೆ ಇನ್ನೇನು ಮಲ್ಲಿಗೆ ಹಾಗೆ ಘಮಘಮ ಅನ್ನುತ್ತಾ?" ಎಂದು ಮುಳ್ಳಕ್ಕ ನಗುತ್ತಿದ್ದಳು. ಹೇಸಿಗೆ ಎಂದರೇನೆಂದು ಅವಳಿಗೆ ಗೊತ್ತಾದದ್ದು ಗಡಿಯಾಚೆ ಯುದ್ಧ ಹತ್ತಿಕೊಂಡ ವರ್ಷ.

ಆಚೆಯಿಂದ ಜನ ಓಡಿ ಬಂದರು. ಹಾಳುಬಿದ್ದ ಗಿರಣಿಯ ಬಯಲಿನಲ್ಲಿ ಡೇರೆಗಳೆದ್ದವು. ಮುಳ್ಳಕ್ಕನ ಮೈದುನ ಬೀದಿಯ ತುದಿಯಲ್ಲಿ ನಿಂತು ಗಂಟಲು ಹರಿದುಕೊಂಡ. "ಇವತ್ತು ಬಯಲು, ನಾಳೆ ನಮ್ಮನೆ ಅಡುಗೆಮನೆ! ನಮ್ಮ ಅನ್ನಕ್ಕೆ ಮಣ್ಣು ಹಾಕೋಕೇ ಬಂದಿರೋರು ಇವರು!" ಮುಳ್ಳಕ್ಕನೂ ಹೌದೆಂದು ತಲೆದೂಗಿದಳು. ಬೀದಿಯ ನೀರಿನ ನಲ್ಲಿಯ ಬಳಿ ಡೇರೆಯ ಹೆಂಗಸೊಬ್ಬಳು ಕೊಡ ಇಟ್ಟರೆ ತನ್ನದನ್ನು ಸರಿಸಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅದೂ ಮೀನಿನ ಶೆಡ್ಡಿನವಳು!

ತಿಂಗಳು ಕಳೆಯುವಷ್ಟರಲ್ಲಿ ಶೆಡ್ಡಿನ ಧಣಿ ಒಂದು ಬುಟ್ಟಿ ಮೀನು ಕತ್ತರಿಸಿದ್ದಕ್ಕೆ ಕೊಡುತ್ತಿದ್ದ ದರ ಇಳಿಸಿದ. ಹಲ್ಲುಸಂದಿಯನ್ನು ಕಡ್ಡಿಯಿಂದ ಕೆದಕುತ್ತ, "ನಾನೇನಮ್ಮ ಮಾಡ್ಲಿ? ಡೇರೆಯವರು ಅರ್ಧಕ್ಕೇ ಮಾಡ್ತೀವಿ ಅಂತಾರೆ. ನಿಮ್ಮ ಮುಖ ನೋಡಿ ಮುಕ್ಕಾಲು ಕೊಡ್ತಿದೀನಿ" ಎಂದ.

ಮರುದಿನ ಮೀನಿನ ಕಸ ಚೆಲ್ಲಲು ಹಿಂಬಾಗಿಲಿಗೆ ಹೋದ ಮುಳ್ಳಕ್ಕ ನಿಂತಲ್ಲೇ ನಿಂತುಬಿಟ್ಟಳು. ಮೈದುನನ ವ್ಯಾನು ನಿಂತಿತ್ತು. ಒಳಗಿಂದ ಡೇರೆಯ ಹೆಂಗಸರು ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದರು. ಧಣಿಯ ಗುಮಾಸ್ತ ತಲೆ ಎಣಿಸಿ ಮೈದುನನ ಅಂಗೈಗೆ ನೋಟು ತುರುಕಿದ.

"ಏನೋ ಇದು?"

"ಮೆಲ್ಲಗೆ ಅತ್ತಿಗೆ! ನಾನು ತರದಿದ್ರೆ ಇನ್ನೊಬ್ಬ ತರ್ತಾನೆ. ಹೊಟ್ಟೆಪಾಡು."

"ಬೀದೀಲಿ ನಿಂತು ಬೊಗಳ್ತಿದ್ದೆಯಲ್ಲ?"

"ಅದು ಬೇರೆ, ಇದು ಬೇರೆ."

ಅವನ ಕಾಲ ಬುಡಕ್ಕೇ ಕಸದ ಬಕೆಟ್ಟು ಸುರಿದು ಅವಳು ಧಣಿಯ ಕೋಣೆಗೆ ನುಗ್ಗಿದಳು. ಧಣಿ ಅವಳ ಕೂಗಾಟವನ್ನೆಲ್ಲ ತಣ್ಣಗೆ ಕೇಳಿಸಿಕೊಂಡ. "ಬಂದೋರಿಗೆ ಮೀನೂ ಗೊತ್ತಿಲ್ಲ, ನಮ್ಮ ಮಾತೂ ಗೊತ್ತಿಲ್ಲ. ಮೇಲೆ ನಿಂತು ಮಾಡಿಸೋರು ಬೇಕು. ನೀನೇ ಮೇಸ್ತ್ರಿ ಆಗು. ಮೊದಲಿಗಿಂತ ಜಾಸ್ತಿನೇ ಕೊಡ್ತೀನಿ."

ಒಲ್ಲೆ ಎನ್ನಲೆಂದೇ ಬಾಯಿ ತೆರೆದಳು. ಗಂಡನ ಮಾತ್ರೆ, ಮಗಳ ಫೀಸು ನೆನಪಾದವು. "ಆಯ್ತು" ಎಂದಳು. ಹೊರಗೆ ಬಂದು ಎರಡು ಸಲ ಬಾಯಿ ಮುಕ್ಕಳಿಸಿದರೂ ಆ ಮಾತಿನ ರುಚಿ ಹೋಗಲಿಲ್ಲ.

ನಲ್ಲಿಯ ಹತ್ತಿರದ ಅದೇ ಹೆಂಗಸಿಗೆ ಮೊದಲು ಚಾಕು ಹಿಡಿಸಬೇಕಾಯಿತು. ತನ್ನ ದೇಶದಲ್ಲಿ ಅವಳು ಬಟ್ಟೆ ಹೊಲಿಯುತ್ತಿದ್ದವಳು. ಮೀನಿನ ಹೊಟ್ಟೆ ಸೀಳಿದ್ದೇ ಮೂಲೆಗೋಡಿ ವಾಂತಿ ಮಾಡಿಕೊಂಡಳು. ನಾಲ್ಕು ಮಾತು ಕಲಿತ ಮೇಲೆ ಒಂದು ದಿನ ಕೇಳಿದಳು: "ಅಕ್ಕಾ, ನೀವೆಲ್ಲ ಯಾಕೆ ಅರ್ಧ ಕೂಲಿಗೆ ಒಪ್ಪಿದ್ರಿ?"

"ನಾವಾ? ಯಾರೇ ಹೇಳಿದ್ದು?"

"ವ್ಯಾನಿನವನು. ಇಲ್ಲಿಯವರೇ ಈಗ ಅರ್ಧಕ್ಕೆ ಮಾಡ್ತಾರೆ, ಬೇಕಾದ್ರೆ ಬನ್ನಿ ಅಂದ."

ಮುಳ್ಳಕ್ಕ ಹೋಗಿ ಮೊಣಕೈವರೆಗೂ ಕೈ ತೊಳೆದುಕೊಂಡಳು. ಅಷ್ಟು ವರ್ಷ ಮೀನಿನ ಕರುಳು ಬಗೆದವಳಿಗೆ ಹೇಸಿಗೆ ಅನ್ನಿಸಿದ್ದು ಅದೇ ಮೊದಲು.

ಶೆಡ್ಡಿನ ಎಳೆಯ ಹೆಂಗಸರು ಒಬ್ಬೊಬ್ಬರಾಗಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದರು. ಅಲ್ಲಿ ಚೀಟಿ ಓದಬಲ್ಲ, ಇಲ್ಲಿಯ ಮಾತು ಬಲ್ಲ ಜನ ಬೇಕಿತ್ತು, ಕೂಲಿಯೂ ವಾಸಿ. ಉಳಿದವಳು ಸೋದರತ್ತೆ. ಆಕೆಗೆ ಅಕ್ಷರ ಬಾರದು, ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಊದಿಕೊಂಡಿದ್ದವು. ಮುಕ್ಕಾಲಿದ್ದ ದರ ಅರ್ಧಕ್ಕಿಳಿದಾಗ ಪೆಟ್ಟು ಬಿದ್ದದ್ದು ಅವಳಂಥವರಿಗೇ.

"ನಿಮ್ಮತ್ತೆ ಬುಟ್ಟಿ ತುಂಬ್ತಿಲ್ಲ. ನೀನೇ ಹೇಳಿಬಿಡು" ಎಂದ ಧಣಿ.

ಮುಳ್ಳಕ್ಕ ಮೇಜಿನ ಮುಂದೆ ಹೋಗಿ ನಿಂತಳು. ಅತ್ತೆ ಮುಖ ನೋಡಿಯೇ ತಿಳಿದುಕೊಂಡಳು. ಚಾಕು ಒರೆಸಿ ಕೆಳಗಿಟ್ಟು, "ಹೇಳ್ಬೇಡ ಬಿಡು. ನಿನ್ನ ಬಾಯಲ್ಲಿ ಇದನ್ನ ಕೇಳೋಕಾ ನಾನು ನಿನಗೆ ಕೆಲಸ ಕಲಿಸಿದ್ದು?" ಎಂದವಳೇ ಹೊರಟುಹೋದಳು.

ಅಂದು ಸಂಜೆ ಮೈದುನ ಅಣ್ಣನನ್ನು ನೋಡಲು ಬಂದವನು ಊಟಕ್ಕೂ ಕೂತ. ತುತ್ತು ಕಲಸುತ್ತ, "ಪಾಪ, ಅತ್ತೆ ಕೆಲಸ ಹೋಯ್ತಂತೆ. ನಾನು ಮೊದಲೇ ಬಡ್ಕೊಂಡಿದ್ನಲ್ಲ, ಈ ಡೇರೆಯವರಿಂದ..." ಎಂದ.

ಮುಳ್ಳಕ್ಕ ಅವನ ಮುಂದಿನ ತಟ್ಟೆಯನ್ನು ಎಳೆದುಕೊಂಡಳು. "ಎದ್ದೇಳು."

ಗಂಡ ಹಾಸಿಗೆಯಿಂದಲೇ ಕೂಗಿದ. "ತಟ್ಟೆ ಮುಂದೆ ಕೂತೋರನ್ನ ಎಬ್ಬಿಸ್ತಾರೇನೇ?"

"ಇಂಥೋನನ್ನ ಎಬ್ಬಿಸ್ತಾರೆ."

ಅವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಹಾಗಂತ ಅವನ ವ್ಯಾನೇನೂ ನಿಲ್ಲಲಿಲ್ಲ. ವರ್ಷದೊಳಗೆ ಒಂದಿದ್ದದ್ದು ಎರಡಾಯಿತು. ಬುಟ್ಟಿಯ ದರ ಏರಲೂ ಇಲ್ಲ. ಮುಳ್ಳಕ್ಕ ಮೇಸ್ತ್ರಿಯಾಗಿಯೇ ಉಳಿದಳು. ಹೆಚ್ಚಿದ ಸಂಬಳ ಕೈಗೆ ಬಂದಾಗ ಅತ್ತೆಯ ಮನೆಗೆ ಒಂದು ಚೀಲ ಅಕ್ಕಿ ಕಳಿಸಿದಳು. ಕಟ್ಟಿದ ಬಾಯಿ ಬಿಚ್ಚದೆಯೇ ಅದು ಹಿಂದಕ್ಕೆ ಬಂತು. ಮನೆಯವರು ಆ ಅಕ್ಕಿಯನ್ನೇ ಬೇಯಿಸಿ ಉಂಡರು. ಮುಳ್ಳಕ್ಕ ತನ್ನ ತಟ್ಟೆಗೆ ಒಂದು ಅಗುಳನ್ನೂ ಬಡಿಸಿಕೊಳ್ಳಲಿಲ್ಲ.