ಕೆಂಪು ಪಂಪು, ಹಸಿರು ಪಂಪು

ಕಲಬುರಗಿಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವುದು ನನ್ನ ಕೆಲಸ. ಕಮಲಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಫ್ಲೋರೈಡ್ ಹೆಚ್ಚಿದ್ದ ಕೈಪಂಪಿಗೆ ಕೆಂಪು, ಕುಡಿಯಲು ಯೋಗ್ಯವಾದದ್ದಕ್ಕೆ ಹಸಿರು ಬಣ್ಣ ಬಳಿದು ಬಂದಿದ್ದೆ. ವಾರ ಬಿಟ್ಟು ಹೋದರೆ ಕೆಂಪು ಪಂಪಿನ ಮುಂದೆಯೇ ಕೊಡಗಳ ಸಾಲು.

"ಕೆಂಪು ಬಣ್ಣ ಕಾಣಂಗಿಲ್ಲೇನಮ್ಮಾ?" ಎಂದು ನೀರು ತುಂಬುತ್ತಿದ್ದ ಅಜ್ಜಿಯ ಮೇಲೆ ರೇಗಿದೆ.

"ಕಾಣತದ್ರೀ ಸಾಹೇಬ್ರ. ನಮ್ಮ ಕಡಿ ಕೆಂಪು ಬಾಳಿಹಣ್ಣಿಗೇ ಕಿಮ್ಮತ್ತು. ಕೆಂಪಂದ್ರ ಚಲೋದು ಅಂತ ತಿಳಕೊಂಡೀವಿ. ನೀವು ಬಾಯಿಬಿಟ್ಟು ಹೇಳಬೇಕಿತ್ತು," ಎಂದಳು. ತುಂಬಿದ ಕೊಡವನ್ನು ಅಲ್ಲೇ ಚೆಲ್ಲಿ ಹಸಿರು ಪಂಪಿಗೆ ನಡೆದಳು.

ಈಗ ಯಾವ ಊರಿಗೆ ಹೋದರೂ ಬಣ್ಣದ ಡಬ್ಬಿ ತೆರೆಯುವ ಮೊದಲು ಮನೆಮನೆಗೆ ಹೋಗಿ ಹೇಳುತ್ತೇನೆ; ಅದು ಆಕೆಯ ಉಪಕಾರ. ಅಂದು ರೇಗಿದ್ದ ನನಗೇ ಆಕೆ ಒಂದು ತಂಬಿಗೆ ನೀರು ತಂದುಕೊಟ್ಟಳು, ಹಸಿರು ಪಂಪಿನದು.